ಕಲ್ಯಾಣದ ದಂಡನೀತಿ: ಕಳೆದುಕೊಂಡವನಿಗೆ ಏನು ಸಿಕ್ಕಿತು?

ಬೀದರ ಜಿಲ್ಲೆಯ ಬಸವಕಲ್ಯಾಣವೆಂದೊಡನೆ ನೆನಪಾಗುವುದು ಶರಣರ ಚಳವಳಿ. ಅದಕ್ಕೂ ಕೆಲವು ದಶಕ ಮುಂಚೆ, ಆರನೆಯ ವಿಕ್ರಮಾದಿತ್ಯನ (1076–1126) ಆಳ್ವಿಕೆಯಲ್ಲಿ ವಿಜ್ಞಾನೇಶ್ವರ ಇದೇ ಕಲ್ಯಾಣದಲ್ಲಿ ‘ಮಿತಾಕ್ಷರಾ’ ರಚಿಸಿದ. ಅದು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನ. ನೆರೆಯ ಹುಮನಾಬಾದ ತಾಲ್ಲೂಕಿನ ಜಲಸಂಗಿ ಗುಡಿಯಲ್ಲಿ ಶಿಲಾಬಾಲಿಕೆಯೊಬ್ಬಳು ಫಲಕದ ಮೇಲೆ ಬರೆಯುತ್ತಿರುವುದು ಇದೇ ಅರಸನ ಕೀರ್ತಿಯನ್ನು. ಮಿತಾಕ್ಷರಾದ ದಾಯಭಾಗವನ್ನು ಕೋಲ್‌ಬ್ರೂಕ್ 1810ರಲ್ಲಿ ಇಂಗ್ಲಿಷಿಗೆ ತಂದ ಮೇಲೆ ಅದು ಆಸ್ತಿ ಹಂಚಿಕೆಯ ಗ್ರಂಥವೆಂದೇ ಹೆಸರಾಯಿತು. ಅಪರಾಧ ಮತ್ತು ದಂಡದ ಬಗ್ಗೆ ಅದು ಹೇಳುವುದನ್ನು ಗಮನಿಸಿದವರು ಕಡಿಮೆ.

ಸ್ಮೃತಿಯ ಪ್ರಕಾರ ದಂಡ ನಾಲ್ಕು ಬಗೆ: ಮಾತಿನ ಎಚ್ಚರಿಕೆ, ಛೀಮಾರಿ, ಹಣದ ದಂಡ, ದೇಹದಂಡನೆ. ಕಳ್ಳನನ್ನು ಶಿಕ್ಷಿಸುವ ಮೊದಲು ಕದ್ದ ಮಾಲನ್ನು ಒಡೆಯನಿಗೆ ಕೊಡಿಸಬೇಕು. ಕಳ್ಳರು ಒಯ್ದ ಸೊತ್ತನ್ನು ಪ್ರಜೆಗೆ ದೊರಕಿಸಿಕೊಡುವುದು ಅರಸನ ಹೊಣೆ. ಕೊಡದಿದ್ದರೆ ಪಾಪ ಅವನಿಗೇ. ಹೊಡೆದು ಗಾಯಗೊಳಿಸಿದವನು ದಂಡದ ಜೊತೆಗೆ ವಾಸಿಯಾಗಲು ತಗಲುವ ಖರ್ಚನ್ನೂ ಕೊಡಬೇಕು. ದಂಡ ಅರಸನಿಗೆ, ಪರಿಹಾರ ನೊಂದವನಿಗೆ ಎಂಬ ಭೇದ ಇಲ್ಲಿ ಸ್ಪಷ್ಟವಾಗಿದೆ. ಆದರೆ ಇದು ಸಮಾನತೆಯ ಕಾನೂನಲ್ಲ. ಒಂದೇ ತಪ್ಪಿಗೆ ಜಾತಿಗೊಂದು ಶಿಕ್ಷೆ ಇತ್ತು. ಕಲ್ಯಾಣದ ಶರಣರು ಮುಂದೆ ಎದುರಿಸಿದ್ದು ಈ ಶ್ರೇಣಿಯನ್ನೇ.

ಬ್ರಿಟಿಷರ ಕಾಲದ ದಂಡಸಂಹಿತೆ ಜಾತಿಭೇದವನ್ನು ಬಿಟ್ಟಿತು. ಆದರೆ ದಂಡದ ಹಣ ಹೆಚ್ಚಾಗಿ ಖಜಾನೆಗೇ ಸೇರಿತು. 1973ರ ದಂಡ ಪ್ರಕ್ರಿಯಾ ಸಂಹಿತೆಯ 357ನೇ ಕಲಮು ಪರಿಹಾರ ಕೊಡಿಸುವ ಅಧಿಕಾರವನ್ನು ನ್ಯಾಯಾಲಯಕ್ಕೆ ನೀಡಿತ್ತು. ಪ್ರತಿ ಪ್ರಕರಣದಲ್ಲೂ ಪರಿಹಾರದ ಪ್ರಶ್ನೆಯನ್ನು ಪರಿಶೀಲಿಸಲೇಬೇಕೆಂದು ಸುಪ್ರೀಂ ಕೋರ್ಟು 2013ರಲ್ಲಿ ಹೇಳಬೇಕಾಯಿತು. 2024ರ ಜುಲೈ 1ರಿಂದ ಅದೇ ಅಧಿಕಾರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 395ನೇ ಕಲಮಿನಲ್ಲಿದೆ.

ಜೈಲಿಗೆ ಕಳಿಸದೆ ತಿದ್ದುವ ದಾರಿಯನ್ನು ತೆರೆದದ್ದು 1958ರ ಅಪರಾಧಿಗಳ ಪರಿವೀಕ್ಷಣಾ ಕಾಯಿದೆ. ಸಣ್ಣ ತಪ್ಪಿಗೆ ಎಚ್ಚರಿಕೆ ಹೇಳಿ ಬಿಡಬಹುದು. ಮರಣದಂಡನೆ, ಜೀವಾವಧಿ ಶಿಕ್ಷೆಗೆ ಅರ್ಹವಲ್ಲದ ಅಪರಾಧಗಳಲ್ಲಿ, ಗರಿಷ್ಠ ಮೂರು ವರ್ಷ ಸನ್ನಡತೆಯಿಂದಿರುವುದಾಗಿ ಮುಚ್ಚಳಿಕೆ ಬರೆಸಿಕೊಂಡು ಬಿಡುಗಡೆ ಮಾಡಬಹುದು. ಹೀಗೆ ಬಿಡುವಾಗಲೇ ನೊಂದವನಿಗೆ ಪರಿಹಾರ ಕೊಡಿಸಲು 5ನೇ ಕಲಮಿನಲ್ಲಿ ಅವಕಾಶವಿದೆ. ಮುಚ್ಚಳಿಕೆಯ ಷರತ್ತು ಮುರಿದರೆ ನ್ಯಾಯಾಲಯ ಅವನನ್ನು ಮರಳಿ ಕರೆಸಿ ಮೂಲ ಅಪರಾಧಕ್ಕೇ ಶಿಕ್ಷೆ ವಿಧಿಸಬಹುದು. ಮೊದಲ ಸಲದ ತಪ್ಪಾದರೆ 50 ರೂಪಾಯಿ ಮೀರದ ದಂಡ ಹಾಕಿ ಮುಚ್ಚಳಿಕೆಯನ್ನು ಮುಂದುವರಿಸಲೂಬಹುದು.

ಮುಚ್ಚಳಿಕೆ, ಜಾಮೀನು ಕಲ್ಯಾಣಕ್ಕೆ ಹೊಸತಲ್ಲ. ವಾದಿ, ಪ್ರತಿವಾದಿ ಇಬ್ಬರಿಂದಲೂ ಹೊಣೆಗಾರರನ್ನು ಪಡೆಯಬೇಕೆಂದು ಸ್ಮೃತಿ ವಿಧಿಸಿತ್ತು. ಮಿತಾಕ್ಷರಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅರಸ ಅನ್ಯಾಯವಾಗಿ ದಂಡ ವಸೂಲು ಮಾಡಿದರೆ ಮೂವತ್ತು ಪಟ್ಟನ್ನು ವರುಣನಿಗೆ ನಿವೇದಿಸಿ ಬ್ರಾಹ್ಮಣರಿಗೆ ಕೊಡಬೇಕೆಂಬುದು ಮೂಲದ ಮಾತು. ಅಷ್ಟೇ ಸಾಲದು, ಯಾರಿಂದ ಎಷ್ಟು ಕಿತ್ತುಕೊಂಡನೋ ಅಷ್ಟನ್ನು ಅವನಿಗೇ ಮರಳಿಸಬೇಕು, ಇಲ್ಲವಾದರೆ ಅದೂ ಅಪಹಾರವೇ ಎಂದು ವಿಜ್ಞಾನೇಶ್ವರ ಸೇರಿಸುತ್ತಾನೆ. ಕಳ್ಳನಿಗಿದ್ದ ನಿಯಮವನ್ನು ಅವನು ಅರಸನಿಗೂ ಅನ್ವಯಿಸಿದ.