ಎರಡು ಬಗೆಯ ಟ್ಯಾಂಕು

ಮೈಸೂರು ಸಂಸ್ಥಾನದ ಹಳೆಯ ಇಂಗ್ಲಿಷ್ ವರದಿಗಳನ್ನು ಓದಲು ಕುಳಿತ ಮೊದಲ ದಿನಗಳಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು 'ಟ್ಯಾಂಕ್' ಎಂಬ ಪದ. ಅಲ್ಲಿ ಅದರ ಅರ್ಥ ಕೆರೆ. ಇಂದು ಚಿಕ್ಕಬಳ್ಳಾಪುರ, ಗೌರಿಬಿದನೂರು ಕಡೆಯ ಕಾರ್ಖಾನೆಯಲ್ಲಿ ಟ್ಯಾಂಕ್ ಎಂದರೆ ಬಾಯ್ಲರ್ ಪಕ್ಕದಲ್ಲಿ ಡೀಸೆಲ್ಲನ್ನೋ ಫರ್ನೇಸ್ ಆಯಿಲನ್ನೋ ತುಂಬಿಡುವ ಉಕ್ಕಿನ ಪಾತ್ರೆ. 1886ರಲ್ಲಿ ಬಂದ 'ಹಾಬ್ಸನ್-ಜಾಬ್ಸನ್' ನಿಘಂಟು ಈ ಪದದ ಬೇರನ್ನು ಪಶ್ಚಿಮ ಭಾರತದ ನುಡಿಗಳಲ್ಲೂ ಪೋರ್ಚುಗೀಸಿನಲ್ಲೂ ಹುಡುಕುತ್ತದೆ. ನನಗೆ ಕುತೂಹಲ ಹುಟ್ಟಿಸಿದ್ದು ಪದದ ಬೇರಿಗಿಂತ ಅದರ ಪಯಣ: ಮಣ್ಣಿನಿಂದ ಉಕ್ಕಿಗೆ, ನೀರಿನಿಂದ ಎಣ್ಣೆಗೆ.

ನಂದಿಬೆಟ್ಟದ ಸುತ್ತ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ ಹುಟ್ಟುತ್ತವೆ. ಆದರೆ ವರ್ಷವಿಡೀ ಹರಿಯುವ ಹೊಳೆ ಈ ಜಿಲ್ಲೆಯಲ್ಲಿ ಒಂದೂ ಇಲ್ಲ. ಅದಕ್ಕೇ ಇಲ್ಲಿ ಕೆರೆಗಳು ಸರಪಳಿಯಂತೆ ಕಟ್ಟಿಕೊಂಡವು. ಮೇಲಿನದರ ಕೋಡಿ ಬಿದ್ದರೆ ಕೆಳಗಿನದಕ್ಕೆ ನೀರು. ಏರಿ, ತೂಬು, ಕೋಡಿ, ಇವನ್ನೆಲ್ಲ ಕಾಯಲು ನೀರಗಂಟಿ.

ಎಣ್ಣೆ ಇಲ್ಲಿಗೆ ಮೊದಲು ಬಂದದ್ದು ಡಬ್ಬದಲ್ಲಿ, ದೀಪಕ್ಕಾಗಿ. ಸೀಮೆಎಣ್ಣೆಯ ನಾಲ್ಕು ಗ್ಯಾಲನ್ ಡಬ್ಬ ಖಾಲಿಯಾದ ಮೇಲೆ ನೀರು ಹೊರುವುದಕ್ಕೂ ಆಗುತ್ತಿತ್ತು. 1892ರಲ್ಲಿ 'ಮ್ಯೂರೆಕ್ಸ್' ಎಂಬ ಹಡಗು ಸೀಮೆಎಣ್ಣೆಯನ್ನು ಡಬ್ಬಗಳಿಲ್ಲದೆ ತನ್ನ ಒಡಲಲ್ಲೇ ತುಂಬಿಕೊಂಡು ಸೂಯೆಜ್ ಕಾಲುವೆ ದಾಟಿ ಪೂರ್ವಕ್ಕೆ ಬಂತು. ಹೀಗೆ ಸಗಟಾಗಿ ಬಂದ ಎಣ್ಣೆಯನ್ನು ಇಳಿಸಿಕೊಳ್ಳಲು ಬಂದರುಗಳಲ್ಲಿ ದೊಡ್ಡ ಟ್ಯಾಂಕುಗಳು ಬೇಕಾದವು. ಒಳನಾಡಿನ ಕೈಗಾರಿಕೆಯ ಉರುವಲು ಮಾತ್ರ ಬಹುಕಾಲ ಸೌದೆಯೇ. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ಬೇಯಿಸುವ ಒಲೆಗೆ ಟ್ಯಾಂಕಿನ ಅಗತ್ಯವಿರಲಿಲ್ಲ. ಅದು ಬೇಕಾದದ್ದು ಬಾಯ್ಲರು, ಜನರೇಟರುಗಳ ಕಾರ್ಖಾನೆಗಳು ಬಂದಾಗ.

ಇಂಥ ಟ್ಯಾಂಕನ್ನು ಕಟ್ಟುವ ಕ್ರಮ ಕೆರೆ ಕಟ್ಟಿದವರಿಗೆ ತೀರ ಅಪರಿಚಿತವೇನಲ್ಲ. ಮೊದಲ ಕೆಲಸ ನೆಲದ್ದು. ಸಡಿಲ ಮಣ್ಣು ತೆಗೆದು, ಗಟ್ಟಿ ಮಣ್ಣು ತುಂಬಿ ದಮ್ಮಸ್ಸು ಮಾಡಿ, ಮೇಲೆ ಡಾಂಬರು ಬೆರೆಸಿದ ಮರಳಿನ ಪದರ ಹಾಸುತ್ತಾರೆ. ಅದರ ಮೇಲೆ ತಳದ ತಗಡುಗಳ ಬೆಸುಗೆ, ಆಮೇಲೆ ಸುತ್ತುಗೋಡೆ, ಕೊನೆಗೆ ಮಾಡು. ಇಂಥ ನೆಟ್ಟಗಿನ ಟ್ಯಾಂಕುಗಳಿಗೆ ಭಾರತೀಯ ಮಾನಕ 803ರ ನಿಯಮಗಳಿವೆ. ಫರ್ನೇಸ್ ಆಯಿಲ್ ಮಂದವಾದದ್ದು. ನಂದಿಯ ತಪ್ಪಲಿನ ಚಳಿಗಾಲದ ಬೆಳಗಿನಲ್ಲಿ ಬಿಸಿ ಮಾಡದಿದ್ದರೆ ಪಂಪಿಗೆ ಸುಲಭವಾಗಿ ಏರದು. ಹಾಗಾಗಿ ಒಳಗೆ ಹಬೆಯ ಕೊಳವೆ ಸುತ್ತಿರುತ್ತಾರೆ.

ಎಣ್ಣೆ ತುಂಬುವ ಮೊದಲು ಟ್ಯಾಂಕಿಗೆ ನೀರು ತುಂಬಬೇಕು. ಬೆಸುಗೆ ಸೋರುತ್ತದೆಯೇ, ನೆಲ ಕುಸಿಯುತ್ತದೆಯೇ ಎಂದು ತಿಳಿಯುವುದು ಹಾಗೆ. ನೀರು ಎಣ್ಣೆಗಿಂತ ಭಾರ, ಆದ್ದರಿಂದ ನೀರನ್ನು ತಡೆದ ಟ್ಯಾಂಕು ಎಣ್ಣೆಯನ್ನೂ ತಡೆದೀತು. ಐದು ಮೀಟರ್ ಅಗಲ, ಸುಮಾರು ಅಷ್ಟೇ ಎತ್ತರದ ಟ್ಯಾಂಕಿಗೆ ಒಂದು ಲಕ್ಷ ಲೀಟರ್ ನೀರು ಬೇಕು. ಅಂದರೆ ಹತ್ತು ಸಾವಿರ ಲೀಟರಿನ ಹತ್ತು ಲಾರಿ. ಸಾವಿರ ಅಡಿ ಕೊರೆದರೂ ಬೋರ್‌ವೆಲ್ ಬತ್ತುವ ಸೀಮೆಯಲ್ಲಿ ಇದು ಸಣ್ಣ ಲೆಕ್ಕವಲ್ಲ.

ಟ್ಯಾಂಕಿನ ಸುತ್ತ ಇನ್ನೊಂದು ಗೋಡೆ ಇರಬೇಕು. ಟ್ಯಾಂಕು ಒಡೆದರೂ ಎಣ್ಣೆಯಷ್ಟೂ ಅದರೊಳಗೇ ನಿಲ್ಲಬೇಕು. 1934ರ ಪೆಟ್ರೋಲಿಯಂ ಕಾಯ್ದೆ, 2002ರ ನಿಯಮಗಳು ಈ ಕ್ಷೇತ್ರವನ್ನು ಆಳುತ್ತವೆ. ಫರ್ನೇಸ್ ಆಯಿಲ್ ಅಲ್ಲಿ 'ಸಿ' ವರ್ಗ, ಪೆಟ್ರೋಲಿನಷ್ಟು ಬೇಗ ಹೊತ್ತಿಕೊಳ್ಳುವಂಥದ್ದಲ್ಲ. ಆ ಸುತ್ತುಕಟ್ಟೆಗೂ ಒಂದು ತೂಬಿದೆ. ಮಳೆನೀರು ಹೊರಬಿಡಲು ತೆರೆದು ಮತ್ತೆ ಮುಚ್ಚಬೇಕಾದ ವಾಲ್ವು ಅದು. 2009ರ ಅಕ್ಟೋಬರ್ 29ರಂದು ಜೈಪುರದ ತೈಲ ಡಿಪೋದಲ್ಲಿ ಪೆಟ್ರೋಲ್ ಸೋರಿ, ಸ್ಫೋಟಿಸಿ, 11 ಜನ ಸತ್ತರು. ಅಲ್ಲಿ ಕಟ್ಟೆಯ ವಾಲ್ವು ತೆರೆದೇ ಇತ್ತೆಂದು ತನಿಖಾ ಸಮಿತಿ ಬರೆಯಿತು. ಕಟ್ಟೆ ಇದ್ದರೆ ಸಾಲದು, ತೂಬು ಕಾಯುವವರೂ ಇರಬೇಕು.

ಕೆರೆ ಸೋರಿದರೆ ಕೆಳಗಿನ ಬಾವಿಗೆ ಊಟೆ ಬರುತ್ತದೆ. ಉಕ್ಕಿನ ಟ್ಯಾಂಕು ಸೋರಿದರೆ ಅದೇ ಬಾವಿ ಕೆಡುತ್ತದೆ. ಈ ಜಿಲ್ಲೆಯ ಅಡಿಗಲ್ಲು ಗಟ್ಟಿ ಬಂಡೆ, ನೀರಿರುವುದು ಅದರ ಬಿರುಕುಗಳಲ್ಲಿ. ಬಿರುಕಿಗೆ ಇಳಿದ ಎಣ್ಣೆ ಎಲ್ಲಿ ಮೇಲೇಳುತ್ತದೆ ಎಂದು ಹೇಳುವುದು ಕಷ್ಟ. ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ಇಲ್ಲಿನ ಕೆರೆಗಳಿಗೆ ಹರಿಸುತ್ತಿರುವುದೇ ಅಂತರ್ಜಲ ಏರಲೆಂದು. ನೀರಿನ ಮೇಲೆ ಅಷ್ಟು ಆಸೆ ಇಟ್ಟ ಕಡೆ ಎಣ್ಣೆಯ ಮೇಲೆಯೂ ಒಂದು ಕಣ್ಣಿರಬೇಕು.

ನೀರಗಂಟಿಗೆ ಊರು ಸುಗ್ಗಿಯಲ್ಲಿ ಕಾಳು ಅಳೆದು ಕೊಡುತ್ತಿತ್ತು, ತೂಬು ತಪ್ಪಿದರೆ ಬಂದು ಕೇಳುತ್ತಲೂ ಇತ್ತು. ಕೆರೆ ಏರಿಯ ಮೇಲೆ ನಡೆದುಹೋಗುವ ಯಾರಿಗೂ ನೀರಿನ ಮಟ್ಟ ಕಾಣುತ್ತದೆ. ಈ ಹೊಸ ಟ್ಯಾಂಕು ಇರುವುದು ಕಾಂಪೌಂಡಿನ ಒಳಗೆ. ಅದರ ತೂಬು ಮುಚ್ಚಿದೆಯೋ ಇಲ್ಲವೋ ಪಕ್ಕದ ಹೊಲದವರಿಗೆ ಕಾಣದು. ಅವರ ಬೋರ್‌ವೆಲ್ ಇರುವುದು ಮಾತ್ರ ಅದೇ ಬಂಡೆಯ ಬಿರುಕಿನಲ್ಲಿ.