ಕೂಳೂರಿನ ಕಾಲಡಿಯ ಮಣ್ಣು ಮತ್ತು ಭೂಕಂಪ ವಿಜ್ಞಾನ

2022ರ ಜೂನ್ ಕೊನೆಯಲ್ಲಿ ಸುಳ್ಯ, ಸಂಪಾಜೆ, ಚೆಂಬು ಕಡೆಯ ಜನ ನೆಲದೊಳಗಿನ ಸದ್ದಿಗೆ ಬೆದರಿ ಅಂಗಳಕ್ಕೆ ಓಡಿಬಂದಿದ್ದರು. ಜೂನ್ 28ರ ಬೆಳಗಿನ ಕಂಪನದ ಪ್ರಮಾಣ 3ರ ಆಸುಪಾಸು. ಹಾನಿ ಹೆಚ್ಚೇನೂ ಆಗಲಿಲ್ಲ. ಆದರೆ ಕರಾವಳಿಗೂ ಭೂಕಂಪಕ್ಕೂ ಸಂಬಂಧವಿಲ್ಲ ಎಂಬ ನೆಮ್ಮದಿ ಅಲ್ಲಿಗೆ ಮುಗಿಯಬೇಕಿತ್ತು.

ಭೂಕಂಪ ವಿಜ್ಞಾನದ ಒಂದು ಬೇರು ನಮ್ಮ ದೇಶದಲ್ಲೇ ಇದೆ. 1897ರ ಜೂನ್ 12ರ ಅಸ್ಸಾಂ ಭೂಕಂಪವನ್ನು ಅಧ್ಯಯನ ಮಾಡಿದವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಿಚರ್ಡ್ ಡಿಕ್ಸನ್ ಓಲ್ಡ್‌ಹ್ಯಾಮ್. ದೂರದ ಮಾಪಕಗಳು ಗೀಚಿದ ಗೆರೆಗಳಲ್ಲಿ ಮೂರು ಬಗೆಯ ಅಲೆಗಳನ್ನು ಅವರು ಬೇರ್ಪಡಿಸಿದರು: ಮೊದಲು ಬರುವ ಪಿ ಅಲೆ, ಹಿಂದಿನಿಂದ ಬರುವ ಎಸ್ ಅಲೆ, ಕೊನೆಗೆ ನೆಲದ ಮೈಮೇಲೆ ಸಾಗುವ ಅಲೆ. ಗಟ್ಟಿ ಶಿಲೆಯಲ್ಲಿ ಪಿ ಅಲೆ ಸೆಕೆಂಡಿಗೆ ಸುಮಾರು 6 ಕಿ.ಮೀ., ಎಸ್ ಅಲೆ ಸುಮಾರು 3.5 ಕಿ.ಮೀ. ಓಡುತ್ತದೆ. ಎರಡೂ ಬಂದು ಮುಟ್ಟುವ ಹೊತ್ತಿನ ಅಂತರದಿಂದಲೇ ಕಂಪನ ಎಷ್ಟು ದೂರದ್ದೆಂದು ಲೆಕ್ಕ ಹಾಕಬಹುದು. 1906ರ ಸ್ಯಾನ್ ಫ್ರಾನ್ಸಿಸ್ಕೊ ಭೂಕಂಪದ ಬಳಿಕ ಹ್ಯಾರಿ ಫೀಲ್ಡಿಂಗ್ ರೀಡ್ ಕಾರಣವನ್ನು ವಿವರಿಸಿದರು. ಸ್ತರಭಂಗದ, ಅಂದರೆ ನೆಲದಡಿಯ ಬಿರುಕಿನ, ಎರಡೂ ಬದಿಯ ಶಿಲೆ ಬಿದಿರಿನಂತೆ ಬಾಗುತ್ತ ಬಾಗುತ್ತ, ತಡೆಯಲಾರದಾದಾಗ ಜಾರಿ ಮರಳಿ ಸೆಟೆಯುತ್ತದೆ.

ಕರ್ನಾಟಕದ ಪಾಲೂ ದೊಡ್ಡದೇ. 1965ರಿಂದ ಗೌರಿಬಿದನೂರಿನಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದ ಕಂಪನಮಾಪಕಗಳ ಸಾಲು ಇದೆ. ಹಳೆಯ ಗಟ್ಟಿ ಶಿಲೆಯ ಮೇಲೆ ಎಲ್ ಆಕಾರದಲ್ಲಿ ಹಬ್ಬಿದ ಈ ಸಾಲಿನ ಒಂದೊಂದು ಮಾಪಕವನ್ನು ಅಲೆ ಮುಟ್ಟುವ ಹೊತ್ತಿನಲ್ಲಿ ಕೊಂಚ ಕೊಂಚವೇ ವ್ಯತ್ಯಾಸವಿರುತ್ತದೆ. ಅಲೆ ಯಾವ ದಿಕ್ಕಿನಿಂದ ಬಂತೆಂದು ಅದೇ ಹೇಳುತ್ತದೆ. ನೆಲದಡಿಯ ಅಣುಸ್ಫೋಟಗಳನ್ನು ಪತ್ತೆಹಚ್ಚುವುದು ಅದರ ಮುಖ್ಯ ಉದ್ದೇಶವಾಗಿತ್ತು.

ದಕ್ಷಿಣದ ಪ್ರಸ್ಥಭೂಮಿ ಅಲುಗಾಡದು ಎಂಬ ನಂಬಿಕೆಯನ್ನು 1967ರ ಡಿಸೆಂಬರ್ 11ರಂದು ಮಹಾರಾಷ್ಟ್ರದ ಕೊಯ್ನಾ ಭೂಕಂಪ ಅಲ್ಲಾಡಿಸಿತು. 1993ರ ಸೆಪ್ಟೆಂಬರ್ 30ರಂದು ಅದೇ ರಾಜ್ಯದ ಕಿಲ್ಲಾರಿಯ ಭೂಕಂಪ ಅದನ್ನು ಪೂರಾ ಕೆಡವಿತು. ಕಿಲ್ಲಾರಿ ದೇಶದ ಆಗಿನ ಭೂಕಂಪ ವಲಯ ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ 1ನೇ ವಲಯದಲ್ಲಿತ್ತು. 2002ರ ಪರಿಷ್ಕರಣೆಯಲ್ಲಿ ಆ ವಲಯವನ್ನೇ ತೆಗೆದುಹಾಕಲಾಯಿತು. ಆ ನಕ್ಷೆಯಲ್ಲಿ ಬೆಂಗಳೂರು 2ನೇ ವಲಯಕ್ಕೆ, ಮಂಗಳೂರು 3ನೇ ವಲಯಕ್ಕೆ ಸೇರಿವೆ. ನಮ್ಮ ಊರು ರಾಜಧಾನಿಗಿಂತ ಒಂದು ಮೆಟ್ಟಿಲು ಮೇಲಿದೆ ಎಂಬುದು ಇಲ್ಲಿ ಎಷ್ಟು ಜನಕ್ಕೆ ಗೊತ್ತು?

ಈಚಿನ ದಶಕಗಳಲ್ಲಿ ವಿಜ್ಞಾನದ ಗಮನ ಸ್ತರಭಂಗದಿಂದ ಕಾಲಡಿಯ ಮಣ್ಣಿಗೂ ಇಳಿದಿದೆ. ಮಂಗಳೂರಿನ ಕೂಳೂರಿಗೆ ಮುಖ್ಯವಾದದ್ದು ಇದೇ. ಸುತ್ತಲ ಗುಡ್ಡಗಳಲ್ಲಿ ಮುರಕಲ್ಲು. ಕೆಳಗೆ, ಫಲ್ಗುಣಿಯ ದಡದಲ್ಲಿ, ಹೊಳೆ ತಂದ ಮರಳು ಮತ್ತು ಜೇಡಿ, ಕೈಗೆಟಕುವ ಆಳದಲ್ಲೇ ನೀರು. ಮೆತ್ತನೆಯ ಮಣ್ಣಿನಲ್ಲಿ ಅಲೆಯ ವೇಗ ತಗ್ಗಿ ಅಲುಗಾಟ ಹಿಗ್ಗುತ್ತದೆ. ನೀರು ತುಂಬಿದ ಸಡಿಲ ಮರಳಂತೂ ಜೋರಾಗಿ ಕುಲುಕಿದರೆ ಭಾರ ಹೊರುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. 1964ರಲ್ಲಿ ಜಪಾನಿನ ನಿಗಾಟಾದಲ್ಲಿ ವಸತಿ ಕಟ್ಟಡಗಳು ಮುರಿಯದೆಯೇ ಹಾಗೇ ವಾಲಿ ಮಲಗಿದ್ದು ಹೀಗೆ. 2001ರ ಭುಜ್ ಭೂಕಂಪದಲ್ಲಿ 200 ಕಿ.ಮೀ.ಗೂ ಹೆಚ್ಚು ದೂರದ ಅಹಮದಾಬಾದಿನಲ್ಲಿ ಬಹುಮಹಡಿ ಕಟ್ಟಡಗಳು ಕುಸಿದವು. ಸಾಬರಮತಿಯ ಮೆಕ್ಕಲು ಮಣ್ಣು ಒಂದು ಕಾರಣ. ಗೋಡೆಯಿಲ್ಲದ, ಬರೀ ಕಂಬಗಳ ಪಾರ್ಕಿಂಗ್ ಮಹಡಿ ಇನ್ನೊಂದು. ಎರಡೂ ಕೂಡುವ ಜಾಗಗಳು ನಮ್ಮಲ್ಲೂ ಬೆಳೆಯುತ್ತಿವೆ.

ಕೂಳೂರು, ಪಣಂಬೂರು, ಬೆಂಗ್ರೆ ಕಡೆ ಮನೆ ಕಟ್ಟುವವರು, ಫ್ಲ್ಯಾಟ್ ಕೊಳ್ಳುವವರು ದಯವಿಟ್ಟು ಮಣ್ಣು ಪರೀಕ್ಷೆಯ ವರದಿ ಕೇಳಿ ನೋಡಿ. ಕಂಬಗಳ ವಿನ್ಯಾಸ ಭೂಕಂಪ ನಿರೋಧಕ ಕಟ್ಟಡಗಳ ಐಎಸ್ 1893 ಸಂಹಿತೆಯಂತೆ ಆಗಿದೆ ಎಂಬುದನ್ನು ಎಂಜಿನಿಯರರಿಂದ ಬರಹದಲ್ಲೇ ಪಡೆಯಿರಿ.