ತರುಣನ ಹೆಸರಿನ ಹಳೆಯ ಬ್ರೂವರಿ

ಈ ಬರಹದ ವಿಷಯವನ್ನು ಕಂಡು ನನ್ನ ಹಳೆಯ ವಿದ್ಯಾರ್ಥಿಗಳು ಹುಬ್ಬೇರಿಸಿಯಾರು. ಸಾರಾಯಿಯ ದೆಸೆಯಿಂದ ಮಕ್ಕಳು ಅರ್ಧಕ್ಕೇ ಶಾಲೆ ಬಿಟ್ಟುಹೋದುದನ್ನು ಮೂವತ್ತೆರಡು ವರ್ಷ ಕಣ್ಣಾರೆ ಕಂಡವನು ನಾನು; 2007ರ ಜುಲೈಯಲ್ಲಿ ಕರ್ನಾಟಕದಲ್ಲಿ ಸಾರಾಯಿ ಮಾರಾಟ ನಿಂತಾಗ ಹಿಗ್ಗಿದವನು. ಅಂಥವನು 2016ರ ಅಕ್ಟೋಬರಿನಲ್ಲಿ ಪೆನ್ಸಿಲ್ವೇನಿಯಾದ ಮಗಳ ಮನೆಗೆ ಹೋಗಿದ್ದಾಗ ಒಂದು ಬಿಯರ್ ಕಾರ್ಖಾನೆಯನ್ನು ನೋಡಿ, ರುಚಿಯನ್ನೂ ಕಂಡು ಬಂದೆ.

ಊರಿನ ಹೆಸರು ಪಾಟ್ಸ್‌ವಿಲ್. ಅದಿರುವ ಜಿಲ್ಲೆಯ ಹೆಸರನ್ನು ಫಲಕದ ಮೇಲೆ 'ಸ್ಕೂಲ್‌ಕಿಲ್' ಎಂದು ಓದಿಕೊಂಡು, ಶಾಲಾಮಾಸ್ತರನಿಗೆ ಇದೆಂಥ ಅಪಶಕುನವೆಂದುಕೊಂಡೆ. ಸ್ಥಳೀಯರು ಅದನ್ನು 'ಸ್ಕೂಕಲ್' ಎನ್ನುತ್ತಾರೆ. 'ಕಿಲ್' ಎಂದರೆ ಡಚ್ ಭಾಷೆಯಲ್ಲಿ ಹೊಳೆ. ಬ್ರೂವರಿಯ ಹೆಸರು 'ಯಿಂಗ್ಲಿಂಗ್'. ಚೀನಾದವರದಿರಬೇಕೆಂದು ಊಹಿಸಿದ್ದೆ, ಅದೂ ತಪ್ಪಾಯಿತು. ಜರ್ಮನಿಯ ವ್ಯೂರ್ಟೆಂಬರ್ಗ್‌ನಿಂದ ವಲಸೆ ಬಂದ ಡೇವಿಡ್ ಗಾಟ್ಲೋಬ್ ಯ್ಯುಂಗ್ಲಿಂಗ್ ಎಂಬಾತ 1829ರಲ್ಲಿ ಇದನ್ನು 'ಈಗಲ್ ಬ್ರೂವರಿ' ಎಂದು ಆರಂಭಿಸಿದ. ಆ ಮನೆತನದ ಹೆಸರಿಗೆ 'ತರುಣ' ಎಂದರ್ಥ. ಅಮೆರಿಕದಲ್ಲಿ ಇಂದೂ ನಡೆಯುತ್ತಿರುವ ಅತ್ಯಂತ ಹಳೆಯ ಬ್ರೂವರಿಗೆ ತರುಣನ ಹೆಸರು!

ಎರಡೇ ವರ್ಷಕ್ಕೆ, 1831ರಲ್ಲಿ, ಬೆಂಕಿ ಬಿದ್ದು ಕಟ್ಟಡ ನಾಶವಾಯಿತು. ಆಗ ಮಹಂಟಾಂಗೋ ಬೀದಿಯ ಇಳಿಜಾರಿನಲ್ಲಿ ಮತ್ತೆ ಕಟ್ಟಿದರು. ಗುಡ್ಡದ ಪಕ್ಕವನ್ನೇ ಆರಿಸಿಕೊಂಡದ್ದರಲ್ಲಿ ಜಾಣ್ಮೆಯಿತ್ತು. ಲಾಗರ್ ಎಂಬ ಬಗೆಯ ಬಿಯರು ತಂಪಿನಲ್ಲಿ ನಿಧಾನವಾಗಿ ಹುದುಗಿ ವಾರಗಟ್ಟಲೆ ಮಾಗಬೇಕು. ಶೀತಲಯಂತ್ರಗಳಿಲ್ಲದ ಕಾಲದಲ್ಲಿ ಆ ತಂಪು ಭೂಗರ್ಭದಲ್ಲಿ ಮಾತ್ರ ಸಿಗುತ್ತಿತ್ತು. ಹೀಗಾಗಿ ಕೈಯಿಂದಲೇ ಬಂಡೆ ಕಡಿದು ಸುರಂಗಗಳನ್ನು ತೋಡಿದರು. ಸುತ್ತಲೂ ಆಂತ್ರಸೈಟ್ ಎಂಬ ಗಟ್ಟಿ ಕಲ್ಲಿದ್ದಲಿನ ಗಣಿಗಳು. ಹಗಲೆಲ್ಲ ನೆಲದಡಿ ದುಡಿದು ಇದ್ದಿಲ ಧೂಳು ಕುಡಿದವರ ಗಂಟಲಿಗೆ ಸಂಜೆ ಸಿಗುತ್ತಿದ್ದದ್ದು ಈ ಅಗ್ಗದ ಬಿಯರು. ಆ ಬದುಕು ಸೌಮ್ಯವಾಗಿರಲಿಲ್ಲ. 'ಮಾಲಿ ಮಗ್ವಾಯರ್ಸ್' ಎಂಬ ರಹಸ್ಯ ಸಂಘಕ್ಕೆ ಸೇರಿದವರೆಂಬ ಆರೋಪ ಹೊತ್ತ ಐರಿಷ್ ಗಣಿಕಾರ್ಮಿಕರಲ್ಲಿ ಆರು ಮಂದಿಯನ್ನು 1877ರ ಜೂನ್ 21ರಂದು ಇದೇ ಊರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಿದರು.

ಸುರಂಗದೊಳಗೆ ಹೋದೆವು. ಹೊರಗಿನ ಬಿಸಿಲು ಮರೆತೇಹೋಗುವಂಥ ತಂಪು, ತೇವದ ಗೋಡೆ, ತಲೆ ತಗ್ಗಿಸಿ ನಡೆಯಬೇಕಾದ ಜಾಗಗಳು. ಒಂದೆಡೆ ಒಡೆದ ಇಟ್ಟಿಗೆ ಗೋಡೆಯ ಉಳಿಕೆಯಿತ್ತು. ಪಾನನಿಷೇಧ ಜಾರಿಯಾದಾಗ ಸರ್ಕಾರದವರು ಕಟ್ಟಿ ಸುರಂಗವನ್ನು ಮುಚ್ಚಿದ ಗೋಡೆ ಅದು. ಅಲ್ಲಿ ನಾನು ಸ್ವಲ್ಪ ಹೊತ್ತು ನಿಂತುಬಿಟ್ಟೆ. ಅಮೆರಿಕದ ಪಾನನಿಷೇಧವನ್ನು ನಾನು ತರಗತಿಯಲ್ಲಿ ಎರಡು ವಾಕ್ಯಗಳಲ್ಲಿ ಮುಗಿಸುತ್ತಿದ್ದೆ: 1920ರಲ್ಲಿ ಬಂತು, 1933ರಲ್ಲಿ ಹೋಯಿತು, ಸೋತದ್ದು ಜನರ ಮನೋದೌರ್ಬಲ್ಯದಿಂದ. ಆ ಹದಿಮೂರು ವರ್ಷ ಬ್ರೂವರಿಯವರು ಏನು ಮಾಡಿದರೆಂಬ ಪ್ರಶ್ನೆ ನನಗಾಗಲಿ ಮಕ್ಕಳಿಗಾಗಲಿ ಹೊಳೆದಿರಲಿಲ್ಲ. ಎಷ್ಟೋ ಬ್ರೂವರಿಗಳು ಮುಚ್ಚಿ ಮತ್ತೆ ತೆರೆಯಲೇ ಇಲ್ಲ. ಇವರು ಶೇಕಡಾ ಅರ್ಧಕ್ಕಿಂತ ಕಡಿಮೆ ಮದ್ಯಸಾರದ 'ನಿಯರ್ ಬಿಯರ್' ಮಾಡಿದರು, ಡೈರಿ ತೆರೆದು ಐಸ್‌ಕ್ರೀಮ್ ಮಾರಿದರು. ನಿಷೇಧ ತೆಗೆದಾಗ 'ವಿನ್ನರ್ ಬಿಯರ್' ಎಂಬ ಹೆಸರಿನಲ್ಲಿ ಒಂದು ಲಾರಿ ಮಾಲನ್ನು ಅಧ್ಯಕ್ಷ ರೂಸ್‌ವೆಲ್ಟರಿಗೆ ಕಳುಹಿಸಿದರು.

ಮುಂದೆ ದೊಡ್ಡ ಕಂಪನಿಗಳ ಕಾಲ ಬಂತು. 1870ರ ದಶಕದಲ್ಲಿ ಅಮೆರಿಕದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಬ್ರೂವರಿಗಳಿದ್ದರೆ, 1970ರ ದಶಕದ ಕೊನೆಗೆ ಉಳಿದದ್ದು ನೂರಕ್ಕೂ ಕಡಿಮೆ. ಈ ಮನೆತನದ ಒಂದು ಪದ್ಧತಿ ನನಗೆ ಹಿಡಿಸಿತು: ಮಕ್ಕಳಿಗೆ ಕಾರ್ಖಾನೆ ಪಿತ್ರಾರ್ಜಿತವಾಗಿ ಬರುವುದಿಲ್ಲ, ತಂದೆಗೆ ಹಣ ಕೊಟ್ಟು ಕೊಳ್ಳಬೇಕು. ಐದನೆಯ ತಲೆಮಾರಿನ ಡಿಕ್ ಯಿಂಗ್ಲಿಂಗ್ 1985ರಲ್ಲಿ ಹಾಗೆ ಕೊಂಡು, 1987ರಲ್ಲಿ ಕೆಂಬಣ್ಣದ ಲಾಗರನ್ನು ಮತ್ತೆ ಹೊರತಂದರು. ಆ ರಾಜ್ಯದ ಬಹುಭಾಗದಲ್ಲಿ ಬರೀ 'ಲಾಗರ್' ಎಂದು ಕೇಳಿದರೆ ಇದನ್ನೇ ತಂದಿಡುತ್ತಾರೆ.

ಕೊನೆಯಲ್ಲಿ ಸಣ್ಣ ಲೋಟಗಳಲ್ಲಿ ರುಚಿ ನೋಡಲು ಕೊಟ್ಟರು. ಲಾಗರ್ ಕಡುಚಹಾದ ಬಣ್ಣ. ಮೊದಲು ಹುರಿದ ಧಾನ್ಯದ ನಸುಸಿಹಿ, ಆಮೇಲೆ ನಾಲಗೆಯ ಹಿಂಬದಿಯಲ್ಲಿ ಮೆಂತ್ಯದಷ್ಟು ಕಹಿ. ಪೋರ್ಟರ್ ಎಂಬ ಕಪ್ಪನೆಯದು ಇನ್ನೂ ಗಾಢ, ಚಿಕೋರಿ ಹೆಚ್ಚಾದ ತಣ್ಣನೆಯ ಕಾಫಿಯಂತೆ. ಗಣಿಯವರ ಊರಿಗೆ ಒಪ್ಪುವ ಬಣ್ಣವೆನಿಸಿತು. ಬೆಲೆ ಕಡಿಮೆಯೆಂದು ಅದು ತೆಳುವಾಗಿರಲಿಲ್ಲ. ಆದರೂ ಎರಡು ಗುಟುಕಿನಾಚೆ ಹೋಗಲು ಮನಸ್ಸೊಪ್ಪಲಿಲ್ಲ. ಶಾಲೆ ಬಿಟ್ಟ ಆ ಮಕ್ಕಳ ಮುಖಗಳು ಅಲ್ಲಿಗೂ ಬಂದಿದ್ದವು. ಉಳಿದುದನ್ನು ಅಳಿಯನ ಕೈಗಿತ್ತೆ.

ನನ್ನಾಕೆ ಇದಾವುದನ್ನೂ ಮುಟ್ಟಲಿಲ್ಲ. ಕಥೆಯೆಲ್ಲ ಕೇಳಿ, "ಆ ಐಸ್‌ಕ್ರೀಮ್ ಎಲ್ಲಿ ಸಿಗುತ್ತದೆ ಕೇಳಿ" ಎಂದಳು. ವಿಚಾರಿಸಿದೆ. ಆ ಡೈರಿ 1985ರಲ್ಲೇ ಮುಚ್ಚಿತ್ತು.